ಗಿಡ್ಡ ಮರಗಳಿಗೆ ಒಂದು ಬಾಕು

ಶನಿವಾರ ಪೇಠ, ಪುಣೆ
೨೭ ಮೇ ೧೯೩೪

ಸೌಭಾಗ್ಯವತಿ ನರ್ಮದೆಗೆ ಅವಧೂತನ ಆಶೀರ್ವಾದಗಳು.

ನಿನ್ನ ನಿಶ್ಶಕ್ತಿ ಕಡಿಮೆಯಾಗುತ್ತಿದೆ, ಎರಡು ಹೊತ್ತು ಊಟ ಮಾಡುತ್ತಿದ್ದೀ ಎಂದು ಮಾವನವರು ಬರೆದಿದ್ದರು. ಓದಿ ಸಮಾಧಾನವಾಯಿತು. ಕೂಸಿನ ಬಗ್ಗೆ ನಾನೇ ನಿನಗೆ ಬರೆಯಬೇಕೆಂದು ಎಷ್ಟೋ ಸಲ ಕುಳಿತೆ. ಹೆಸರಿಡುವವರೆಗೂ ಕಾಯದೆ ಹೋದ ಮಗನ ಬಗ್ಗೆ, ಅವನ ಮುಖವನ್ನೇ ನೋಡದ ತಂದೆ ಏನು ಬರೆಯಬೇಕೋ ತಿಳಿಯಲಿಲ್ಲ. ಕೂಸಿಗೆ ಮೈ ಸರಿಯಿಲ್ಲವೆಂದು ತಾರು ಬಂದ ದಿನವೇ ಆಫೀಸಿನಲ್ಲಿ ರಜೆ ಕೇಳಿದೆ. ರಜೆ ಸಿಕ್ಕುವಷ್ಟರಲ್ಲಿ ಎರಡನೆಯ ತಾರು ಬಂತು. "ಇನ್ನ ಹೋಗಿ ಏನ ನೋಡತೀಯೋ" ಎಂದು ಅವ್ವ ಅಂದಳು. ನಾನು ಸುಮ್ಮನಾದೆ. ಹಾಗೆ ಸುಮ್ಮನಾಗಬಾರದಿತ್ತು ಎಂದು ಈಗ ದಿನಾ ಅನಿಸುತ್ತದೆ.

ಹೆರಿಗೆಗೆ ತವರಿಗೆ ಹೋದ ನಿನ್ನನ್ನು ಕರೆದುಕೊಂಡು ಬರುವ ಮಾತು ತೆಗೆದೆ. ಅವ್ವ ನಿನ್ನ ಗಿಡ್ಡ ಮರಗಳ ಕುಂಡಗಳ ಕಡೆ ಬೆರಳು ಮಾಡಿದಳು. "ಗಿಡಾ ಬೆಳೀಲಾರದ ಮನ್ಯಾಗ ಕೂಸು ಹ್ಯಾಂಗ ಬೆಳೀತದ? ಮೊದಲನೇದು ಹೊಟ್ಟ್ಯಾಗ ಹೋತು. ಎರಡನೇದು ಮಡಿಲಾಗ ಹೋತು. ಆ ಗಿಡ ಹೊರಗ ಹೋಗಲಿ, ಅಕಿ ಒಳಗ ಬರಲಿ" ಎಂದಳು. ಹಾಗಾದರೆ ಕಿತ್ತು ಎಸೆ ಎಂದರೆ ಅದಕ್ಕೂ ಒಪ್ಪುವುದಿಲ್ಲ. ಅರಳಿ, ಅತ್ತಿ, ಆಲ ಮೂರೂ ದೇವರ ಮರಗಳು. ಗೇಣುದ್ದ ಇದ್ದರೂ ಅರಳಿ ಅರಳಿಯೇ, ಬೇರು ಕಿತ್ತ ಪಾಪ ತನಗೆ ಬೇಡ ಅನ್ನುತ್ತಾಳೆ.

ಅದಕ್ಕೆ ನಾನೊಂದು ಉಪಾಯ ಹುಡುಕಿದ್ದೇನೆ. ಅಂಗಳದಲ್ಲಿ, ಮನೆಯ ಗೋಡೆಗೆ ತಾಗದಂತೆ, ಕುಂಡಗಳನ್ನಿಡಲು ಮರದ ಬೆಂಚಿನಂಥ ಒಂದು ಬಾಕು ಮಾಡಿಸಿ ಮೇಲೆ ಮಳೆಗೆ ಮರೆ ಕಟ್ಟಿಸುತ್ತೇನೆ. ಗಿಡಗಳು ಮನೆಯಿಂದ ಹೊರಗಾದವು, ಅವ್ವನ ಮಾತೂ ನಡೆಯಿತು, ನಿನ್ನ ಗಿಡಗಳೂ ಉಳಿದವು. ಆಮೇಲೆ ನಿನ್ನನ್ನು ಕರೆಯಲು ನಾನೇ ಬರುತ್ತೇನೆ. ಬಾಕು ಹೇಗಿರಬೇಕು, ಎಷ್ಟು ಎತ್ತರ, ಮರೆ ಎಂಥದು ಎಲ್ಲ ಬೇಗ ಬರೆ. ಮಳೆ ಹತ್ತಿರ ಬಂದಿದೆ.

ನಿನ್ನ
ಅವಧೂತ

*

ಧಾರವಾಡ
೪ ಜೂನ್ ೧೯೩೪

ಶ್ರೀಯುತರಿಗೆ ನರ್ಮದೆಯ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ಎರಡು ಸಲ ಓದಿದೆ. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಮಗನ ಬಗ್ಗೆ ನಾಲ್ಕು ಸಾಲು, ಬಾಕಿನ ಬಗ್ಗೆ ಅರ್ಧ ಪತ್ರ. ಗಂಡಸರಿಗೆ ದುಃಖ ಬಂದರೆ ಬಡಿಗನನ್ನು ಕರೆಸುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ನನ್ನ ಮಾತು ಕೇಳುವುದಾದರೆ ಇಷ್ಟೇ. ಮೂರೂ ಕುಂಡಗಳನ್ನು ಓಂಕಾರೇಶ್ವರ ಗುಡಿಯ ಕಡೆ ನದಿಯ ದಂಡೆಗೆ ಒಯ್ದು ಮಣ್ಣಿನಲ್ಲಿ ಊರಿ ಬನ್ನಿ. ಊರಿದರೆ ಪಾಪವಿಲ್ಲ, ಅತ್ತೆಯವರಿಗೂ ಹೇಳಿ. ಬಾಕು ಬೇಡ, ಮರೆ ಬೇಡ. ಆ ಹಣದಲ್ಲಿ ಟಿಕೆಟ್ ತೆಗೆದು ಧಾರವಾಡಕ್ಕೆ ಬನ್ನಿ. ನನಗೆ ಗಿಡ ಮತ್ತೆ ಸಿಗುತ್ತವೆ. ನಮ್ಮ ವಾಡೆಯ ಗೋಡೆಯಲ್ಲಿ ಬಿರುಕುಗಳಿಗೇನು ಬರವೇ?

ಆ ಗಿಡಗಳು ನನಗೆ ಯಾಕೆ ಬೇಕಾಗಿದ್ದವು ಎಂದು ನಿಮಗೂ ಗೊತ್ತು. ಗಾರೆಯವನು ಗೋಡೆಯ ಅರಳಿಯನ್ನು ಕೀಳಲು ಬಂದಾಗ ನಾನು ಸೆರಗೊಡ್ಡಿ ಇಸಿದುಕೊಂಡೆ. ನೀವು ಕ್ಯಾಂಪಿನ ರದ್ದಿ ಅಂಗಡಿಯಿಂದ ಜಪಾನಿನ ಚಿತ್ರವಿದ್ದ ಇಂಗ್ಲಿಷ್ ಮಾಸಿಕ ತಂದಿರಿ. ತಟ್ಟೆಯಂಥ ಕುಂಡದಲ್ಲಿ ನೂರು ವರ್ಷದ ಮರ! ನೀವು ಓದಿ ಅರ್ಥ ಹೇಳುವುದು, ನಾನು ಬೇರು ಕತ್ತರಿಸುವುದು. ಅತ್ತೆಯವರ ಎದುರಿಗೆ ಗಂಡ ಹೆಂಡಿರು ಕುಳಿತು ಮಾತಾಡುವ ಹಾಗಿರಲಿಲ್ಲ. ಗಿಡಕ್ಕೆ ತಂತಿ ಸುತ್ತುವ ನೆವದಲ್ಲಿ ಸಂಜೆ ಒಂದು ಗಳಿಗೆ ಮಾತಾಡುತ್ತಿದ್ದೆವು. ನನಗೆ ಬೇಕಾಗಿದ್ದದ್ದು ಆ ಗಳಿಗೆ. ನೀವೇ ಇಲ್ಲದ ಮೇಲೆ ಗಿಡ ತೆಗೆದುಕೊಂಡು ಏನು ಮಾಡಲಿ?

ಆದರೂ ಕೇಳಿದ್ದೀರಿ, ಹೇಳದೆ ಇರಲಾರೆ. ಬಾಕು ನನ್ನ ಸೊಂಟದ ಎತ್ತರ ಇರಲಿ, ನೆಲಕ್ಕೆ ಬಿದ್ದ ಮಳೆ ರಾಡಿಯಾಗಿ ಎಲೆಗೆ ಸಿಡಿಯಬಾರದು. ಮೇಲೆ ಇಡೀ ಹಲಗೆ ಬೇಡ, ನೀರು ನಿಲ್ಲುತ್ತದೆ. ಪಟ್ಟಿಗಳನ್ನು ಬೆರಳಗಲ ಸಂದು ಬಿಟ್ಟು ಹೊಡೆಸಿ. ನಾಲ್ಕೂ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ, ಅಡುಗೆಮನೆಯ ಜಾಳಿಗೆ ಕಪಾಟಿಗೆ ಮಾಡುವ ಹಾಗೆ. ಇಲ್ಲದಿದ್ದರೆ ಇರುವೆ ಹತ್ತಿ ಬೇರಿಗೆ ಗೂಡು ಕಟ್ಟುತ್ತದೆ. ಹೆಂಚಿನ ಸೂರಿನಿಂದ ದೂರ ಇಡಿ. ಸೂರಿನ ನೀರು ಒಂದೇ ಕಡೆ ಬಿದ್ದು ಕುಂಡದ ಮಣ್ಣು ಕೊರೆಯುತ್ತದೆ.

ಇಲ್ಲಿ ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅಣ್ಣ ಸದಾನಂದನೂ ವೈನಿಯೂ ಒಂದು ಮಾತು ಅಂದಿಲ್ಲ. ಆದರೆ ನೀರಿಗೆ ಬಂದ ನೆರೆಯವರು "ಯಾವಾಗ ಹೋಗೂದವ್ವಾ?" ಎಂದರೆ ವೈನಿ ನನ್ನ ಮುಖ ನೋಡುತ್ತಾಳೆ. ನಾನಾಗಿಯೇ ಹೊರಟು ಬರುತ್ತೇನೆ ಎಂದು ಅಪ್ಪನಿಗೆ ಹೇಳಿದೆ. "ಕರೀಲಿಕ್ಕೆ ಬರಲಾರದ ಮನಿಗೆ ನನ್ನ ಮಗಳನ್ನ ನಾ ಕಳಸೂದಿಲ್ಲ. ಕರೀದ ಹೋದ ಸೊಸಿಗೆ ಕಡೀತನಕಾ ಅದೇ ಮಾತು ಆಡತಾರ" ಎಂದರು. ನಮ್ಮ ಪದ್ಧತಿ ನಿಮಗೂ ಗೊತ್ತು. ಬನ್ನಿ.

ನಿಮ್ಮ
ನರ್ಮದಾ

*

ಪುಣೆ
೧ ಜುಲೈ ೧೯೩೪

ಸೌಭಾಗ್ಯವತಿ ನರ್ಮದೆಗೆ ಆಶೀರ್ವಾದಗಳು.

ನದಿಯ ದಂಡೆಯ ಮಾತು ಮಾತ್ರ ಆಡಬೇಡ. ನಿನ್ನ ಕೈಯಾರೆ ನಾಲ್ಕು ವರ್ಷ ಸಾಕಿದ್ದನ್ನು ನನ್ನ ಕೈಯಾರೆ ಹೊರಹಾಕಲೇ? ನೀನು ಬೇಸರದಲ್ಲಿ ಬರೆದಿದ್ದೀ ಎಂದು ತಿಳಿದುಕೊಂಡಿದ್ದೇನೆ. ನೀನು ಬಂದಾಗ ಗಿಡಗಳು ಇರಬೇಕು.

ಬಾಳು ಎಂಬ ಬಡಿಗ ಸಿಕ್ಕಿದ್ದಾನೆ. ಕಸಬಾ ಪೇಠೆಯವನು, ಕೈ ಚೆನ್ನಾಗಿದೆ, ಬಾಯಿ ಇನ್ನೂ ಚೆನ್ನಾಗಿದೆ. ಒಂದು ಕಾಲು ಕೂಡಿಸುತ್ತಾನೆ, 'ಉದ್ಯಾ ಯೇತೋ' ಎಂದು ಉಳಿ ಸುತ್ತಿಗೆ ಚೀಲಕ್ಕೆ ಹಾಕಿ ಹೋಗುತ್ತಾನೆ. ಅವನ 'ನಾಳೆ' ಒಂದು ವಾರಕ್ಕೆ ಬರುತ್ತದೆ. ಕೆಡವಿದ ಒಂದು ವಾಡೆಯ ಸಾಗುವಾನಿ ಬಾಗಿಲು ಅಗ್ಗಕ್ಕೆ ಸಿಕ್ಕಿತು. ಅದನ್ನೇ ಸೀಳಿಸಿ ಪಟ್ಟಿ ಮಾಡಿಸಿದ್ದೇನೆ. ಬೆರಳಗಲ ಸಂದು ಎಂದು ನೀನು ಬರೆದೆ, ಬಾಳುವಿನ ಬೆರಳೋ ನಿನ್ನ ಬೆರಳೋ ಎಂದು ಅವನಿಗೂ ನನಗೂ ವಾದವಾಯಿತು. ನಿನ್ನ ಬೆರಳು ನೆನಪು ಮಾಡಿಕೊಂಡು ಅಳತೆ ಹೇಳಿದೆ.

ಮರೆಯ ವಿಷಯದಲ್ಲಿ ಎಡವಿದೆ. ಅವಸರದಲ್ಲಿ ನಾಲ್ಕು ಕಂಬದ ಮೇಲೆ ತಗಡು ಹೊಡೆಸಿದೆ. ಮಳೆ ಹಿಡಿಯಿತು. ಎಂಟು ದಿನ ಬಿಡದೆ ಜಿಟಿಜಿಟಿ. ಇಷ್ಟು ಮಳೆಯಲ್ಲಿ ಗಿಡಕ್ಕೆ ಯಾರಾದರೂ ನೀರು ಹಾಕುತ್ತಾರೆಯೇ ಎಂದು ನಾನು ಆಫೀಸಿಗೆ ಹೋಗಿಬಂದು ಮಾಡಿಕೊಂಡಿದ್ದೆ. ತಗಡಿನ ಕೆಳಗೆ ಒಂದು ಹನಿ ಬೀಳುತ್ತಿಲ್ಲ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಒಂದು ದಿನ ನೋಡುತ್ತೇನೆ, ಅತ್ತಿಯ ಎಲೆಗಳೆಲ್ಲ ಜೋತುಬಿದ್ದಿವೆ. ಸುತ್ತ ಊರೆಲ್ಲ ತೊಯ್ದಿದೆ, ನಿನ್ನ ಗಿಡಗಳು ಬಾಯಾರಿ ಸಾಯುತ್ತಿವೆ! ಉಳಿಸಿದವಳು ಯಾರು ಗೊತ್ತೇ? ಅವ್ವ. ನಾನು ಬರುವ ಮೊದಲೇ ಮೂರಕ್ಕೂ ಒಂದೊಂದು ತಂಬಿಗೆ ನೀರು ಹಾಕಿದ್ದಳು. "ಅರಳಿಗೆ ನೀರಡಿಕಿ ಆಗಬಾರದೋ" ಎಂದಳು. ಅವ್ವ ಕಲ್ಲಲ್ಲ ನರ್ಮದಾ. ಮಂದಿಯ ಮನೆಯ ಅಡುಗೆ ಮಾಡಿ ನನ್ನನ್ನು ಓದಿಸಿದವಳು. ಅವಳಿಗೆ ನನ್ನ ಬಿಟ್ಟರೆ ಯಾರಿದ್ದಾರೆ?

ಇನ್ನು ಬರುವ ವಿಷಯ. ಮುಂದೆ ಆಷಾಢ. ಆಷಾಢದಲ್ಲಿ ಸೊಸೆಯನ್ನು ಕರೆತರುವುದಿಲ್ಲ ಎಂದು ಅವ್ವನ ಹಟ. ಶ್ರಾವಣದಲ್ಲಿ ನೋಡೋಣ.

ನಿನ್ನ
ಅವಧೂತ

*

ಧಾರವಾಡ
೧೨ ಜುಲೈ ೧೯೩೪

ಶ್ರೀಯುತರಿಗೆ ನಮಸ್ಕಾರಗಳು.

ತಗಡು ತೆಗೆಸಿಬಿಡಿ. ಬಿಸಿಲಿಗೆ ಕಾದು ಎಲೆ ಸುಡುತ್ತದೆ. ನಿಮ್ಮ ಪುಣೆಯ ಕ್ಯಾಂಪಿನಲ್ಲಿ ಮಿಲಿಟರಿಯವರು ಹಳೆಯ ಡೇರೆ ಲಿಲಾವು ಕೂಗಿ ಮಾರುತ್ತಾರಲ್ಲ, ಆ ದಪ್ಪ ಬಟ್ಟೆ ತನ್ನಿ. ಹಿಂದಿನ ಎರಡು ಕಂಬ ಗಿಡ್ಡ, ಮುಂದಿನವು ಎತ್ತರ. ಬಟ್ಟೆಯನ್ನು ಮೊಳೆ ಹೊಡೆದು ಬಿಗಿಯಬೇಡಿ. ಒಂದು ಕೋಲಿಗೆ ಸುತ್ತಿ ಹಗ್ಗ ಕಟ್ಟಿ, ಚಾಪೆಯ ಹಾಗೆ ಸುರುಳಿ ಬಿಚ್ಚುವಂತಿರಲಿ. ತುಂತುರು ಬಂದರೆ ಸುತ್ತಿಡಿ, ಗಿಡಗಳು ಕುಡಿಯಲಿ. ಮುಸಲಧಾರೆ ಬಂದರೆ ಇಳಿಬಿಡಿ. ಮಳೆ ಬೇಕು, ಹೊಡೆತ ಬೇಡ. ಮತ್ತು ಮರೆಯ ಕೆಳಗಿದ್ದ ದಿನ ಮಣ್ಣು ಮುಟ್ಟಿ ನೋಡಿ ನೀರು ಹಾಕಿ. ಕಣ್ಣಿನಿಂದ ನೋಡಿದರೆ ತಿಳಿಯುವುದಿಲ್ಲ, ಬೆರಳಿಟ್ಟು ನೋಡಬೇಕು.

ಅತ್ತೆಯವರು ನೀರು ಹಾಕಿದರು ಎಂದು ಓದಿ ಅತ್ತುಬಿಟ್ಟೆ. ಗಿಡಕ್ಕೆ ನೀರಡಿಕೆ ಆಗಬಾರದು ಎಂದು ತಿಳಿಯುವ ಜೀವಕ್ಕೆ ನನ್ನದು ತಿಳಿಯದೇ? ಅವರಿಗೆ ನನ್ನ ನಮಸ್ಕಾರ ಹೇಳಿ.

ಕೂಸು ನಿಮ್ಮ ಹಾಗೇ ಇತ್ತು. ಕಿವಿ ಮಾತ್ರ ನನ್ನದು. ತೀರಿಕೊಂಡ ಮೇಲೂ ಹದಿನೈದು ದಿನ ಎದೆಯಲ್ಲಿ ಹಾಲು ನಿಲ್ಲಲಿಲ್ಲ. ವೈನಿ ಮಲ್ಲಿಗೆ ಅರೆದು ಕಟ್ಟಿದಳು. ಇದನ್ನೆಲ್ಲ ಗಂಡಸರಿಗೆ ಬರೆಯುತ್ತಾರೋ ಇಲ್ಲವೋ ನನಗೆ ತಿಳಿಯದು. ಬೇರೆ ಯಾರಿಗೆ ಬರೆಯಲಿ? ಹೆಸರಿಡುವ ಶಾಸ್ತ್ರ ಆಗಲಿಲ್ಲ, ಆದರೆ ನಾನು ಮನಸ್ಸಿನಲ್ಲಿ ಒಂದು ಹೆಸರಿಟ್ಟಿದ್ದೆ. ಯಾರಿಗೂ ಹೇಳಿಲ್ಲ. ಕಾಗದದಲ್ಲಿ ಬರೆಯುವುದಿಲ್ಲ. ನೀವು ಬಂದ ದಿನ ಕಿವಿಯಲ್ಲಿ ಹೇಳುತ್ತೇನೆ.

ಶ್ರಾವಣಕ್ಕೆ ದಾರಿ ನೋಡುತ್ತೇನೆ.

ನರ್ಮದಾ

*

ಪುಣೆ
೧೬ ಸೆಪ್ಟೆಂಬರ್ ೧೯೩೪

ಸೌಭಾಗ್ಯವತಿ ನರ್ಮದೆಗೆ,

ಬಾಕು ಮುಗಿಯಿತು! ಬಾಳು ಗಣಪತಿ ಹಬ್ಬದ ಖರ್ಚಿಗೆ ಹಣ ಬೇಕಾದ್ದರಿಂದ ಮೂರು ದಿನ ಒಂದೇ ಸಮನೆ ಬಂದ. ನೀನು ಹೇಳಿದಂತೆಯೇ ಇದೆ. ಡೇರೆಯ ಬಟ್ಟೆಗೆ ಎಣ್ಣೆ ಹಚ್ಚಿಸಿದ್ದೇನೆ, ನೀರು ಜಾರಿ ಹಿಂದಕ್ಕೆ ಹೋಗುತ್ತದೆ. ಹಗ್ಗ ಎಳೆದರೆ ಸುರುಳಿ ಸರಸರ ಏರುತ್ತದೆ. ಕಾಲಿನ ಬಟ್ಟಲುಗಳಲ್ಲಿ ನೀರಿದೆ, ಒಂದೂ ಇರುವೆಯಿಲ್ಲ. ವಾಡೆಯ ಮಂದಿಯೆಲ್ಲ ಬಂದು ನೋಡಿದರು. ದಿನಾ ಸಂಜೆ ಕಚೇರಿಯಿಂದ ಬಂದು ಅದರ ಮುಂದೆ ಕುಳಿತುಕೊಳ್ಳುತ್ತೇನೆ. ಒಂದು ಗಳಿಗೆ ನೀನು ಅಲ್ಲೇ ತಂತಿ ಸುತ್ತುತ್ತಿದ್ದೀ ಅನಿಸುತ್ತದೆ.

ಶ್ರಾವಣದಲ್ಲಿ ಬರಲಾಗಲಿಲ್ಲ. ಆಫೀಸಿನಲ್ಲಿ ಲೆಕ್ಕ ತಪಾಸಣೆ ಬಂತು. ಬಾಕು ಮುಗಿದ ದಿನ ಅವ್ವನನ್ನು ಕರೆದು ತೋರಿಸಿ, "ಗಿಡ ಹೊರಗ ಹೋದ್ವು. ಇನ್ನ ಅಕೀನ್ನ ಕರಕೊಂಡ ಬರಲ್ಯಾ?" ಎಂದೆ. ಅವ್ವ ಬಹಳ ಹೊತ್ತು ನೋಡಿ, "ಹೊರಗ ಹೋದ್ವು ಖರೆ. ಬಾಗಲಾ ತಗದ್ರ ಮುಂಜಾನೆ ಮೊದಲ ಅವೇ ಕಣ್ಣಿಗೆ ಬೀಳತಾವಲ್ಲೋ" ಎಂದಳು. ಬಾಕನ್ನು ಹಿತ್ತಲಿಗೆ, ಬಾವಿಯ ಆಚೆಗೆ ಹೊರಿಸಿದೆ. ಈಗ ಬಾಗಿಲಿನಿಂದ ಕಾಣುವುದಿಲ್ಲ. ಮುಂದೆ ಪಕ್ಷಮಾಸ ಬರುತ್ತದೆ. ಅದು ಮುಗಿಯಲಿ. ದಸರೆಗೆ ತಪ್ಪಿದರೆ ದೀಪಾವಳಿಗೆ ಬಂದೇ ಬರುತ್ತೇನೆ. ಇದು ಮಾತು.

ಅವಧೂತ

*

ಧಾರವಾಡ
೧೯ ನವೆಂಬರ್ ೧೯೩೪

ಶ್ರೀಯುತರಿಗೆ ನಮಸ್ಕಾರಗಳು.

ದೀಪಾವಳಿ ಆಯಿತು. ಅಳಿಯಂದಿರು ಬರುತ್ತಾರೆಂದು ಅಪ್ಪ ನಾಗಪುರಿ ಧೋತರ ತಂದಿದ್ದರು. ವೈನಿ ಎಣ್ಣೆ ಕಾಸಿ ಇಟ್ಟಿದ್ದಳು. ನಾನು ಟ್ರಂಕು ಕಟ್ಟಿ ಬಾಗಿಲ ಹತ್ತಿರ ತಂದಿಟ್ಟುಕೊಂಡಿದ್ದೆ. ಅಪ್ಪ ಟಾಂಗಾ ಮಾಡಿಕೊಂಡು ಸ್ಟೇಶನ್ನಿಗೆ ಹೋದರು. ಪುಣೆಯ ಗಾಡಿ ಬಂತು, ಹೋಯಿತು. ತಿರುಗಿ ಬರುವಾಗ ಟಾಂಗಾ ಬಿಟ್ಟು ನಡೆದುಕೊಂಡೇ ಬಂದರು. ಓಣಿಯವರು ಕೇಳಿದರೆ ಏನು ಹೇಳಬೇಕೆಂದು ಯೋಚಿಸಲು ದಾರಿ ಉದ್ದವಿರಲಿ ಎಂದಿರಬೇಕು.

ಆಷಾಢ ಆಯಿತು, ತಪಾಸಣೆ ಆಯಿತು, ಪಕ್ಷ ಆಯಿತು. ಇನ್ನು ಧನುರ್ಮಾಸ ಬರುತ್ತದೆ. ಪಂಚಾಂಗ ಬರೆದವರು ಹೆಂಡತಿಯನ್ನು ಕರೆತರಲು ಒಂದು ದಿನವನ್ನೂ ಬಿಟ್ಟಿಲ್ಲವೇ? ಕುಣಿಯಲಾರದವಳಿಗೆ ನೆಲ ಡೊಂಕಂತೆ. ನೀವೂ ಬಾಳುವಿನ ಭಾಷೆ ಕಲಿತಿದ್ದೀರಿ. ಉದ್ಯಾ ಯೇತೋ, ಉದ್ಯಾ ಯೇತೋ.

ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಹೆದರಿಕೆಯಿಂದ ಬರೆಯುತ್ತಿದ್ದೇನೆ. ಆ ಗಿಡಗಳನ್ನು ಒಳಗೆ ಇಟ್ಟುಕೊಳ್ಳಲೂ ನಿಮಗೆ ಆಗಲಿಲ್ಲ, ಬಿಡಲೂ ಆಗಲಿಲ್ಲ. ಬಾವಿಯ ಆಚೆ ಒಂದು ಬಾಕು ಮಾಡಿ, ಮಳೆ ತಾಗದ ಹಾಗೆ, ಬಿಸಿಲು ತಾಗದ ಹಾಗೆ, ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟಿರಿ. ನನ್ನನ್ನೂ ಹಾಗೇ ಇಟ್ಟಿದ್ದೀರಿ ಎಂದು ಒಂದೊಂದು ಸಲ ಅನಿಸುತ್ತದೆ. ನನಗೆ ಅಲ್ಲಿ ಮೂಲೆ ಇದ್ದರೂ ಸಾಕು, ಅಡುಗೆಮನೆಯ ಮೂಲೆ. ಬಂದು ಕರೆದುಕೊಂಡು ಹೋಗಿ.

ನರ್ಮದಾ

*

ಪುಣೆ
೧೭ ಜನವರಿ ೧೯೩೫
(ಕಾರ್ಡು)

ಸೌ. ನರ್ಮದೆಗೆ, ಎಲ್ಲ ಕ್ಷೇಮ. ಸಂಕ್ರಾಂತಿಯ ಎಳ್ಳು ತಲುಪಿತು. ಇಲ್ಲಿ ಚಳಿ ಬಹಳ. ಇಲಿ ಕಡಿದು ಡೇರೆಯ ಬಟ್ಟೆಯಲ್ಲಿ ತೂತಾಗಿತ್ತು, ತೇಪೆ ಹಾಕಿಸಿದೆ. ಆಲ ಎರಡು ಹೊಸ ಚಿಗುರು ಬಿಟ್ಟಿದೆ. ಅವ್ವನ ಪ್ರಕೃತಿ ಅಷ್ಟಕ್ಕಷ್ಟೇ. ಸಾವಕಾಶವಾಗಿ ಬರೆಯುತ್ತೇನೆ. — ಅವಧೂತ

*

ಧಾರವಾಡ
೨೮ ಮಾರ್ಚ್ ೧೯೩೫

ಶ್ರೀಯುತರಿಗೆ ನಮಸ್ಕಾರಗಳು.

ಹೋದ ವಾರ ಅಪ್ಪ ಪಂಢರಪುರಕ್ಕೆ ಹೋಗಿಬರುತ್ತೇನೆ ಎಂದು ಹೊರಟರು. ಬಂದ ಮೇಲೆ ಪ್ರಸಾದ ಎಲ್ಲಿ ಎಂದು ವೈನಿ ಕೇಳಿದಳು. ಅವರ ಹತ್ತಿರ ಪ್ರಸಾದವಿರಲಿಲ್ಲ. ಪುಣೆಗೆ ಬಂದಿದ್ದರು, ನಿಮ್ಮ ಮನೆಗೆ. ಕರೆಯದ ಮನೆಗೆ ಮಗಳನ್ನು ಕಳಿಸುವುದಿಲ್ಲ ಎಂದ ಮನುಷ್ಯ, ಮಗಳನ್ನು ಕರೆಸಿಕೊಳ್ಳಿ ಎಂದು ಕೇಳಲು ತಾವೇ ಕರೆಯದೆ ಬಂದರು. ನೀವು ಕಚೇರಿಗೆ ಹೋಗಿದ್ದಿರಂತೆ. ಬಂದಿದ್ದ ವಿಷಯವನ್ನು ಅತ್ತೆಯವರು ನಿಮಗೆ ಹೇಳಿದರೋ ಇಲ್ಲವೋ.

ಏನಾಯಿತು ಎಂದು ಎಷ್ಟು ಕೇಳಿದರೂ ಅಪ್ಪ ಒಂದೇ ಮಾತು ಹೇಳಿದರು. "ಬಾಕು ಭಾಳ ಚಂದ ಮಾಡಿಸ್ಯಾರವ್ವಾ." ಅದನ್ನೇ ಮೂರು ಸಲ ಹೇಳಿದರು. ನಿನ್ನೆ ಊಟಕ್ಕೆ ಕುಳಿತಾಗ ವೈನಿ ಸಂಡಿಗೆ ಬಡಿಸಿದಳು. ಅಪ್ಪ ತುತ್ತು ಕೆಳಗಿಟ್ಟರು. ಆಮೇಲೆ ಹೇಳಿದರು, ಬಾಕಿನ ಮೇಲೆ ಗಿಡಗಳನ್ನು ಒಂದು ಕಡೆ ಸರಿಸಿ ಉದ್ದಕ್ಕೂ ಸೀರೆ ಹಾಸಿ ಸಂಡಿಗೆ ಒಣಗಿಸಿದ್ದರಂತೆ. ಸಾಲದೆಂದು ನೆಲದಲ್ಲಿ ಇನ್ನೂ ನಾಲ್ಕು ಚಾಪೆಗಳ ತುಂಬ ಹಪ್ಪಳ.

ಇಬ್ಬರಿರುವ ಮನೆಯಲ್ಲಿ ಅಷ್ಟು ಸಂಡಿಗೆ ಯಾರಿಗೆ? ನನ್ನ ಮದುವೆಯಲ್ಲೂ ಇಡೀ ಅಂಗಳದಲ್ಲಿ ಒಣಗಿಸಿದ್ದರು, ನಾನೇ ಕಾಗೆ ಓಡಿಸಿದ್ದೇನೆ. ಮದುವೆಯ ಸಂಡಿಗೆ ಎಷ್ಟಿರುತ್ತದೆ ಎಂದು ನನಗೆ ಗೊತ್ತು. ನೀವೇ ಬರೆಯಿರಿ. ಮಂದಿಯ ಬಾಯಿಂದ ಕೇಳುವ ಹಾಗೆ ಮಾಡಬೇಡಿ.

ನರ್ಮದಾ

*

ಪುಣೆ
೨೧ ಏಪ್ರಿಲ್ ೧೯೩೫

ನರ್ಮದಾ,

ಈ ಪತ್ರವನ್ನು ಎಷ್ಟು ಸಲ ಬರೆದು ಹರಿದೆ ಎಂದು ಹೇಳಿದರೆ ನೀನು ನಂಬುವುದಿಲ್ಲ. ನೀನು ತಿಳಿದುಕೊಂಡದ್ದು ನಿಜ. ಹುಡುಗಿ ಬೆಳಗಾವಿಯ ಕಡೆಯವಳು, ಶಾಮಲಾ ಎಂದು ಹೆಸರು. ವೈಶಾಖದಲ್ಲಿ ಮುಹೂರ್ತ.

ನಾನು ಒಪ್ಪಿರಲಿಲ್ಲ. ದೀಪಾವಳಿಗೆ ಬರಲು ಟಿಕೆಟ್ ಕೂಡ ತೆಗೆದಿದ್ದೆ. ಹೊರಟ ದಿನ ಅವ್ವ ಊಟದ ಎಲೆಯ ಮುಂದಿನಿಂದ ಎದ್ದಳು, ಮೂರು ದಿನ ನೀರು ಮುಟ್ಟಲಿಲ್ಲ. "ನಿನ್ನ ಅಪ್ಪಗ ಪಿಂಡಾ ಇಡಾಕ ನೀ ಇದ್ದಿ. ನಿನಗ ಯಾರ ಇಡತಾರ? ನಾ ಸತ್ತಮ್ಯಾಲೆ ಅಕೀನ್ನ ಕರಕೊಂಡ ಬಾ" ಎಂದಳು. ಇತ್ತ ದರಿ, ಅತ್ತ ಪುಲಿ. ನಾನು ಬಾಕು ಮಾಡಿಸಿದೆ, ಸರಿಸಿದೆ, ತೇಪೆ ಹಾಕಿಸಿದೆ. ಅಷ್ಟೇ ನನ್ನ ಕೈಯಲ್ಲಿದ್ದದ್ದು. ಅವ್ವನ ಮನಸ್ಸು ಆ ಬಾಕಿನಿಂದ ತಿರುಗುತ್ತದೆ ಎಂದು ನಿಜವಾಗಿಯೂ ನಂಬಿದ್ದೆ.

ಮದುವೆಯಾದ ಮೇಲೆ ನೀನೂ ಬಂದು ಇರಬಹುದು ಎಂದು ಅವ್ವ ಒಪ್ಪಿದ್ದಾಳೆ. ಎಷ್ಟೋ ಮನೆಗಳಲ್ಲಿ ಇಬ್ಬರೂ ಅಕ್ಕತಂಗಿಯರ ಹಾಗೆ ಇದ್ದಾರೆ. ನಿನಗೆ ಯಾವ ಕೊರತೆಯೂ ಆಗದಂತೆ ನೋಡಿಕೊಳ್ಳುತ್ತೇನೆ. ನಿನ್ನ ಒಂದು ಗಿಡವನ್ನೂ ನಾನು ಸಾಯಗೊಡಲಿಲ್ಲ, ಅದನ್ನಾದರೂ ನೆನೆ.

ಅವಧೂತ

*

ಧಾರವಾಡ
೩೦ ಏಪ್ರಿಲ್ ೧೯೩೫

ಶ್ರೀಯುತರಿಗೆ,

ಗಿಡಗಳನ್ನು ನದಿಯ ದಂಡೆಯಲ್ಲಿ ಊರಿ ನನ್ನನ್ನು ಕರೆದುಕೊಂಡು ಹೋಗಿ ಎಂದು ಮೊದಲ ಪತ್ರದಲ್ಲೇ ಬರೆದಿದ್ದೆ. ನೀವು ಗಿಡಗಳನ್ನು ಉಳಿಸಿಕೊಂಡಿರಿ.

ನಾನು ಬರುವುದಿಲ್ಲ. ಕೂಸಿನ ಹೆಸರು ನನ್ನ ಹತ್ತಿರವೇ ಇರಲಿ. ಇನ್ನು ಬರೆಯಬೇಡಿ.

ನರ್ಮದಾ

*

ಪುಣೆ
೨ ಮಾರ್ಚ್ ೧೯೩೬

ಪೂಜ್ಯ ಅಕ್ಕನವರಿಗೆ ಶಾಮಲೆಯ ಸಾಷ್ಟಾಂಗ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ತಿಳಿದಿರುತ್ತದೆ. ಅಕ್ಕ ಎಂದು ಕರೆದದ್ದಕ್ಕೆ ಸಿಟ್ಟಾಗಬೇಡಿ, ಬೇರೆ ಏನೆಂದು ಕರೆಯಬೇಕೋ ತೋಚಲಿಲ್ಲ. ನಿಮ್ಮ ವಿಳಾಸವನ್ನು ಇವರನ್ನೇ ಕೇಳಿದೆ. ಹೇಳಿದರು. ಯಾಕೆ ಎಂದು ಕೇಳಲಿಲ್ಲ.

ಹಿತ್ತಲಿನ ಅರಳಿಯ ಎಲೆಗಳೆಲ್ಲ ಹಳದಿಯಾಗಿ ಉದುರುತ್ತಿವೆ. ಇನ್ನು ನಾಲ್ಕೋ ಐದೋ ಉಳಿದಿವೆ. ಇವರು ದಿನಾ ಸಂಜೆ ಬಂದು ಬಾಕಿನ ಮುಂದೆ ಕುಳಿತುಕೊಳ್ಳುತ್ತಾರೆ, ನನ್ನ ಜೊತೆ ಮಾತು ಕಡಿಮೆ. ಎಲೆ ಉದುರತೊಡಗಿದ ಮೇಲೆ ಅದೂ ಇಲ್ಲ. ಅತ್ತೆಯವರು "ಅವನ್ನ ಮುಟ್ಟಬ್ಯಾಡ, ನೀ ಬಸರಾದಾಕಿ" ಅನ್ನುತ್ತಾರೆ. ಮುಟ್ಟದೆ ಹೇಗೆ ನೀರು ಹಾಕಲಿ? ಗಿಡ ಸತ್ತರೆ ನನ್ನ ಕಾಲ್ಗುಣ ಅನ್ನುತ್ತಾರೆಂದು ಹೆದರಿಕೆ. ಬದುಕಿದರೆ ಕೂಸಿಗೆ ಏನಾಗುತ್ತದೋ ಎಂದೂ ಹೆದರಿಕೆ. ಏನು ಮಾಡಬೇಕು ಬರೆಯಿರಿ.

ನನಗೆ ಈಗ ಐದನೆಯ ತಿಂಗಳು. ಏಳನೆಯದರಲ್ಲಿ ಸೀಮಂತ ಮಾಡಿ ಹೆರಿಗೆಗೆ ಬೆಳಗಾವಿಗೆ ಕಳಿಸುತ್ತಾರಂತೆ. ಅವ್ವನ ಮನೆಗೆ ಹೋಗುವುದನ್ನೇ ದಿನ ಎಣಿಸುತ್ತಿದ್ದೇನೆ. ನಾನು ಹೋದ ಮೇಲೆ ಗಿಡ ನೋಡುವವರು ಯಾರು ಎಂಬುದೂ ಒಂದು ಚಿಂತೆ.

ಇನ್ನೊಂದು ಕೇಳಲೇ? ಮಗು ಹೋದ ಮೇಲೆ ನೀವೇ ಈ ಮನೆಗೆ ಬರಲು ಒಲ್ಲೆ ಅಂದಿರಿ ಎಂದು ನಮ್ಮ ಮದುವೆಯ ಮಾತಿನಲ್ಲಿ ಹೇಳಿದ್ದರು. ನಿಮಗಾಗಿ ಇಷ್ಟು ಜತನದಿಂದ ಮಾಡಿಸಿದ ಬಾಕನ್ನು ನೋಡಿದರೆ ನನಗೆ ಹಾಗನಿಸುವುದಿಲ್ಲ.

ನಿಮ್ಮ ತಂಗಿ
ಶಾಮಲಾ

*

ಧಾರವಾಡ
೯ ಮಾರ್ಚ್ ೧೯೩೬

ಚಿರಂಜೀವಿ ಶಾಮಲೆಗೆ ನರ್ಮದೆಯ ಆಶೀರ್ವಾದಗಳು.

ಹೆದರಬೇಡ. ಈ ದಿನಗಳಲ್ಲಿ ಅರಳಿ ಎಲೆ ಉದುರಿಸುವುದು ಅದರ ಸ್ವಭಾವ. ಯುಗಾದಿಯ ಹೊತ್ತಿಗೆ ತಾಮ್ರದ ಬಣ್ಣದ ಚಿಗುರು ಬರುತ್ತದೆ. ಅದರಲ್ಲಿ ನಿನ್ನ ಕಾಲ್ಗುಣವೂ ಇಲ್ಲ, ನನ್ನದೂ ಇಲ್ಲ. ಎಲೆಯಿಲ್ಲದಾಗ ನೀರು ಕಡಿಮೆ ಸಾಕು. ಮಣ್ಣಿಗೆ ಬೆರಳಿಟ್ಟು ನೋಡು, ಒಣಗಿದ್ದರೆ ಮಾತ್ರ ಹಾಕು. ಬಿಸಿಲಿನ ಹೊತ್ತಿಗೆ ಮರೆ ಇಳಿಬಿಡು, ಸಂಜೆ ಸುತ್ತಿಡು. ಮಳೆಗಾಲದಲ್ಲಿ ಊರೆಲ್ಲ ತೊಯ್ದಿದೆ ಎಂದು ಮೋಸಹೋಗಬೇಡ, ಮರೆಯ ಕೆಳಗೆ ಬರಗಾಲ ಇರುತ್ತದೆ. ಗಿಡಗಳಿಂದ ಯಾರ ಕೂಸಿಗೂ ಏನೂ ಆಗುವುದಿಲ್ಲ. ನನ್ನ ಕೂಸಿಗೆ ಜ್ವರ ಬಂದಿತ್ತು, ಅದರಿಂದ ಹೋಯಿತು. ಇಷ್ಟು ಸಣ್ಣ ಮಾತನ್ನು ಯಾರಿಗೂ ಹೇಳಲು ನನಗೆ ಎರಡು ವರ್ಷ ಆಗಲಿಲ್ಲ.

ಅಕ್ಕ ಎಂದು ಕರೆದದ್ದಕ್ಕೆ ಸಿಟ್ಟಿಲ್ಲ. ನಿನ್ನ ಪತ್ರ ಬಂದ ದಿನ ಮಾತ್ರ ಒಲೆಗೆ ಹಾಕಬೇಕೆನಿಸಿತು, ನಿಜ ಹೇಳುತ್ತೇನೆ. ಮಾರನೆಯ ದಿನ ಮತ್ತೆ ಓದಿದೆ. ನೀನು ಹದಿನೇಳೋ ಹದಿನೆಂಟೋ ವರ್ಷದವಳು ಇರಬೇಕು. ನನ್ನಪ್ಪ ಹೋದ ಮಳೆಗಾಲದಲ್ಲಿ ತೀರಿಕೊಂಡರು. ನಾನು ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತೇನೆ. ನಿನ್ನ ವಯಸ್ಸಿನವರನ್ನು ದಿನಾ ನೋಡುತ್ತೇನೆ, ಅವರ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ.

ನಾನು ಒಲ್ಲೆ ಅಂದದ್ದು ಸುಳ್ಳಲ್ಲ. ಆದರೆ ನಿನ್ನ ಮದುವೆ ಗೊತ್ತಾದ ಮೇಲೆ ಅಂದೆ. ಅದಕ್ಕೂ ಮೊದಲು ಒಂದು ವರ್ಷ ಟ್ರಂಕು ಕಟ್ಟಿಟ್ಟುಕೊಂಡು ಕಾದೆ. ಅವರು ಬರಲಿಲ್ಲ. ಅವರು ಕೆಟ್ಟವರಲ್ಲ ಶಾಮಲಾ. ಬರುತ್ತೇನೆ ಎಂದು ಅವರು ಹೇಳುವಾಗ ಅವರ ಮನಸ್ಸಿನಲ್ಲಿ ಸುಳ್ಳು ಇರುವುದಿಲ್ಲ. ಕಣ್ಣೆದುರಿಗಿದ್ದವರನ್ನು ಹೊರಗೆ ಹಾಕುವ ಧೈರ್ಯವೂ ಅವರಿಗಿಲ್ಲ, ದೂರ ಇದ್ದವರನ್ನು ಒಳಗೆ ತರುವ ಧೈರ್ಯವೂ ಇಲ್ಲ.

ಅದಕ್ಕೇ ಹೇಳುತ್ತೇನೆ, ಅಕ್ಕ ಎಂದಿದ್ದೀಯಲ್ಲ, ಅಕ್ಕನ ಮಾತು ಎಂದೇ ಕೇಳು. ಸೀಮಂತ ಮಾಡಲಿ, ಉಡಿ ತುಂಬಲಿ, ಹೆರಿಗೆಗೆ ಮಾತ್ರ ಬೆಳಗಾವಿಗೆ ಹೋಗಬೇಡ. ಪದ್ಧತಿ ಅನ್ನುತ್ತಾರೆ, ಮಂದಿ ನಗುತ್ತಾರೆ ಅನ್ನುತ್ತಾರೆ. ಅಳು, ಹಟ ಹಿಡಿ, ಗಾಡಿಯಲ್ಲಿ ಮೈ ಅಲುಗಿದರೆ ನೋವು ಬರುತ್ತದೆ ಎಂದು ಸುಳ್ಳು ಹೇಳು. ಪುಣೆಯಲ್ಲಿ ಸೂಲಗಿತ್ತಿಯರಿದ್ದಾರೆ, ದವಾಖಾನೆ ಇದೆ. ನಿನ್ನ ತಾಯಿಯನ್ನೇ ಅಲ್ಲಿಗೆ ಕರೆಸಿಕೋ. ನಿನಗೆ ಗಂಡೋ ಹೆಣ್ಣೋ ಆಗಲಿ, ಸುಖವಾಗಿ ಆಗಲಿ. ದೇವರು ಹಾಗೆ ಮಾಡದಿರಲಿ, ಮತ್ತೊಂದಾದರೆ ಅದೂ ಆ ಮನೆಯಲ್ಲೇ, ಅವರ ಕಣ್ಣೆದುರಿಗೇ ಆಗಲಿ. ಕೂಸನ್ನು ಕಳೆದುಕೊಂಡರೂ ನೀನು ಮನೆಯಲ್ಲಿ ಇರುತ್ತೀ.

ಒಂದು ಸಲ ಹೊರಗೆ ಹೋದರೆ ಕರೆಯಲು ಯಾರೂ ಬರುವುದಿಲ್ಲ. ಆ ಹೊಸ್ತಿಲು ದಾಟಬೇಡ ತಂಗೀ.

ನಿನ್ನ ಅಕ್ಕ
ನರ್ಮದಾ